ಸುನಂದಾಳ ಡ್ರಾಯಿಂಗ್‌ನಲ್ಲಿ ತಪ್ಪಿರಲಿಲ್ಲ

ಡೈ ಬದಲಿಸಿದ್ದು ನಾನು. ಸುನಂದಾಳ ಡ್ರಾಯಿಂಗ್ ಸರಿಯಾಗಿಯೇ ಇತ್ತು. ಇಷ್ಟನ್ನು ಹೇಳಲು ನನಗೆ ವರ್ಷಗಳೇ ಬೇಕಾದವು — ದಿನವಿಡೀ ಮಾತಾಡಿಯೇ ಹೊಟ್ಟೆ ಹೊರೆಯುವ ನನಗೆ.

ವಿಶಾಖಪಟ್ಟಣದ ನಮ್ಮ ಕನ್ನಡ ಸಂಘದವರು ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ, ಸ್ವಂತ ಉದ್ಯೋಗ ಮಾಡುವವರಿಗೆ ನಾಲ್ಕು ಕಿವಿಮಾತು ಬರೆಯುತ್ತೇನೆ ಅಂದಿದ್ದೆ. ಕಿವಿಮಾತು ನನ್ನ ಹತ್ತಿರ ಬೇಕಾದಷ್ಟಿದೆ. ಕೇಳದವರಿಗೂ ಕೊಡುತ್ತೇನೆ, ನಿಮಗೆ ಗೊತ್ತಿದ್ದದ್ದೇ. ಆದರೆ ಇದೇ ಸಂಘದ ಸಭೆಯಲ್ಲಿ, ಮೈಕ್ ಹಿಡಿದು, ನಾನೊಂದು ಸುಳ್ಳು ಕಥೆ ಹೇಳಿದ್ದೆ. ನೀವು ನಕ್ಕಿದ್ದಿರಿ. ಹಾಗಾಗಿ ನಿಜವನ್ನೂ ನಿಮ್ಮೆದುರಿಗೇ ಹೇಳಬೇಕು.

ಗೊತ್ತಿಲ್ಲದವರಿಗಾಗಿ — ನಾನು ರಾಣೆಬೆನ್ನೂರಿನವನು. ಲಾರಿ ಬಾಡಿ ಕಟ್ಟುವ ಕೆಲಸಕ್ಕೆಂದು ವಿಜಯವಾಡದ ಆಟೋನಗರಕ್ಕೆ ಬಂದೆ. ತೆಲುಗು ಕಲಿತೆ, ಚೌಕಾಸಿ ಕಲಿತೆ, ಕಡೆಗೆ ಸ್ವಂತ ಶೆಡ್ ಹಾಕಿದೆ. ಕಾರ್ಖಾನೆಗಳಲ್ಲಿ ಸ್ವಿಚ್ಚು, ವೈರು ಕೂರಿಸುವ ಪ್ಯಾನೆಲ್ ಪೆಟ್ಟಿಗೆಗಳನ್ನು ತಗಡಿನಲ್ಲಿ ಮಾಡಿಕೊಡುತ್ತೇವೆ. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವುದು ನನಗೆ ಬರುವುದಿಲ್ಲ. ವಿಜಯವಾಡದಲ್ಲಿ ನಮ್ಮ ಕಡೆಯವರು ಕಡಿಮೆಯೆಂದು ರಾಜ್ಯೋತ್ಸವಕ್ಕೆ ರೈಲು ಹತ್ತಿ ನಿಮ್ಮಲ್ಲಿಗೆ ಬರುತ್ತಿದ್ದೆನಲ್ಲ, ಸುನಂದಾ ಸಿಕ್ಕಿದ್ದು ಅಲ್ಲಿಯೇ, ಊಟದ ಪಂಕ್ತಿಯಲ್ಲಿ.

ಗದಗಿನ ಹೆಣ್ಣುಮಗಳು. ಮೆಕ್ಯಾನಿಕಲ್ ಡಿಪ್ಲೊಮಾ. ಗಂಡ ನೌಕಾಪಡೆಯಲ್ಲಿ, ಎಂವಿಪಿ ಕಾಲೋನಿಯಲ್ಲಿ ಬಾಡಿಗೆ ಫ್ಲ್ಯಾಟು. ಗಂಡನಿಗೆ ಯಾವಾಗ ಎಲ್ಲಿಗೆ ವರ್ಗವೋ ಎಂದು ಯಾವ ಕಂಪನಿಯೂ ಅವಳನ್ನು ಖಾಯಂ ಮಾಡಿಕೊಂಡಿರಲಿಲ್ಲ. "ಊರು ಬದಲಾದ್ರೂ ನನ್ನ ಜೋಡಿ ಬರೋ ಕೆಲಸ ಇದೊಂದ ನೋಡ್ರಿ ಅಣ್ಣಾರ" ಎಂದು ಲ್ಯಾಪ್‌ಟಾಪ್ ತೋರಿಸಿದ್ದಳು. ಆ ಮಾತನ್ನು ನಾನು ಅಂದೇ ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು. ನನಗೆ ಕೇಳಿಸಿದ್ದು ಒಂದೇ — ಇವಳಿಗೆ ಬೇರೆ ಗಿರಾಕಿಗಳಿಲ್ಲ, ರೇಟು ಇಳಿಸಬಹುದು.

"ತಂಗಿ, ಬರೇ ಒಂದು ಡಬ್ಬಿ ಇದು. ಇದಕ್ಕ ಇಷ್ಟ್ ಕೇಳ್ತೀಯಲ್ಲ?" ಅಂದೆ.

"ಬರೇ ಡಬ್ಬಿ ಆಗಿದ್ರ ನೀವ ಮಾಡ್ಕೊಂತಿದ್ರಿ ಬಿಡ್ರಿ" ಅಂದಳು. ಪಂಕ್ತಿಯೇ ನಕ್ಕಿತು. ಕೇಳಿದಷ್ಟಕ್ಕೆ ಒಪ್ಪಿದೆ.

ಒಪ್ಪಿದ್ದಕ್ಕೆ ನಾನೆಂದೂ ಮರುಗಲಿಲ್ಲ. ಅವಳ ಕೆಲಸ ನೋಡಬೇಕಿತ್ತು ನೀವು! ತಗಡನ್ನು ಮಡಚಿದಾಗ ಮಡಿಕೆಯ ಹೊರಬದಿ ಸ್ವಲ್ಪ ಹಿಗ್ಗುತ್ತದೆ. ಆ ಹಿಗ್ಗನ್ನು ಮೊದಲೇ ಲೆಕ್ಕ ಹಿಡಿದು ತಗಡನ್ನು ಅಷ್ಟು ಚಿಕ್ಕದಾಗಿ ಕತ್ತರಿಸಬೇಕು. ಎಷ್ಟು ಚಿಕ್ಕದು ಎಂಬುದು ಕೆಳಗಿನ ಡೈ ಮೇಲೆ ನಿಂತಿದೆ. ಡೈ ಅಂದರೆ ಉದ್ದಕ್ಕೆ ಹಳ್ಳವಿರುವ ಉಕ್ಕಿನ ತೊಲೆ; ತಗಡು ಆ ಹಳ್ಳದೊಳಕ್ಕೆ ಒತ್ತಿಸಿಕೊಂಡು ಮಡಚಿಕೊಳ್ಳುತ್ತದೆ. ಹಳ್ಳ ಅಗಲವಾದರೆ ಮಡಿಕೆ ದುಂಡಗಾಗುತ್ತದೆ, ಲೆಕ್ಕವೇ ಬೇರೆಯಾಗುತ್ತದೆ. ಬೇರೆ ಡ್ರಾಯಿಂಗಿನವರು ಸಾಫ್ಟ್‌ವೇರ್ ತಾನಾಗಿ ಕೊಟ್ಟ ಅಂಕಿಯನ್ನೇ ಇಟ್ಟು ಕಳಿಸಿಬಿಡುತ್ತಿದ್ದರು. ಸುನಂದಾ ಹಾಗಲ್ಲ. ನಮ್ಮ ಶೆಡ್ಡಿನ ಡೈ ಯಾವುದು, ತಗಡು ಎಂಥದು ಎಂದು ಕೇಳಿ, ಅದರಲ್ಲೇ ಒಂದು ಪಟ್ಟಿ ಮಡಚಿಸಿ, ಅಳತೆ ತರಿಸಿಕೊಂಡು, ಆ ಅಂಕಿಯನ್ನು ಕಂಪ್ಯೂಟರಿಗೆ ಕೊಟ್ಟು ಆಮೇಲೆ ಕೂರುತ್ತಿದ್ದಳು. ಮಗಳ ಬಿಸ್ಕತ್ತಿನ ರಟ್ಟಿನ ಡಬ್ಬಿ ಬಿಚ್ಚಿ, ಕತ್ತರಿಸಿ, ಮಡಚಿ, ಫೋಟೋ ಕಳಿಸುತ್ತಿದ್ದಳು — "ಈ ಮೂಲಿ ಮೊದಲ ಮಡಚ್ರಿ, ಇಲ್ಲಾಂದ್ರ ಮಷಿನ್‌ಗೆ ಬಡೀತದ." ಯಾವ ಮಡಿಕೆಯ ನಂತರ ಯಾವುದು ಎಂಬುದೂ ಅವಳ ತಲೆಯಲ್ಲಿತ್ತು. ನಮ್ಮ ಮಷಿನ್ನನ್ನು ಅವಳು ಆಗ ಕಣ್ಣಿಂದಲೂ ನೋಡಿರಲಿಲ್ಲ.

ಕೊಂಡಪಲ್ಲಿಯ ಒಂದು ಪ್ಯಾನೆಲ್ ಕಂಪನಿಗೆ ಅವಳು ಮಾಡಿದ ಪೆಟ್ಟಿಗೆಯೇ ಎಲ್ಲಕ್ಕಿಂತ ಮಿಗಿಲು. ಮೈಯೆಲ್ಲ ಒಂದೇ ತಗಡು. ವೆಲ್ಡಿಂಗೇ ಇಲ್ಲ. ಮೂಲೆಗಳು ತಮ್ಮಷ್ಟಕ್ಕೆ ಬಂದು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ಕದ ಮತ್ತು ಚೌಕಟ್ಟಿನ ನಡುವೆ ಉಗುರು ತೂರದಷ್ಟು ಸಂದು. ಅಂಥ ಧೈರ್ಯದ ಡ್ರಾಯಿಂಗನ್ನು ನಾನು ಈ ವೃತ್ತಿಯಲ್ಲಿ ಮತ್ತೆ ನೋಡಿಲ್ಲ.

ಪೆಟ್ಟಿಗೆಗಳ ಮೈ ಮಡಚಿ ಮುಗಿದಿತ್ತು. ಅಷ್ಟರಲ್ಲಿ ಬೇರೊಬ್ಬರ ದಪ್ಪ ತಗಡಿನ ಅವಸರದ ಕೆಲಸ ಬಂತು; ಅದಕ್ಕೆ ಅಗಲ ಹಳ್ಳದ ಡೈ ಹಾಕಿಸಿದೆ. ಅದು ಮುಗಿದ ಮೇಲೆ ಸುನಂದಾಳ ಕದಗಳ ಸರದಿ. ಮಷಿನ್ ನಡೆಸುವ ಸತ್ಯಂ ಕೇಳಿದ — "ಡೈ ಮಾರ್ಚಾಲಿ ಕದಾ ಸಾರ್?" ಬದಲಿಸಬೇಕಲ್ಲವಾ ಎಂದು. ಡೈ ಇಳಿಸಿ ಹತ್ತಿಸುವುದು ಬೇಸರದ ಕೆಲಸ, ಹೊತ್ತು ಹಿಡಿಯುತ್ತದೆ. "ಪರ್ವಾಲೇದು, ಕಾನಿಯ್" ಅಂದೆ. ಪರವಾಗಿಲ್ಲ, ನಡೀಲಿ. ಎಲ್ಲ ಕದಗಳನ್ನೂ ಅದರಲ್ಲೇ ಮಡಚಿಬಿಟ್ಟೆವು.

ಒಂದು ಕದವೂ ಮುಚ್ಚಲಿಲ್ಲ. ಎಲ್ಲವೂ ಕೂದಲೆಳೆ ದೊಡ್ಡದಾಗಿ ಚೌಕಟ್ಟಿಗೆ ಉಜ್ಜುತ್ತಿದ್ದವು.

ಕಂಪನಿಯ ಎಂಜಿನಿಯರ್ ರಾವ್ ಗಾರು ಪೆಟ್ಟಿಗೆ ನೋಡಲು ಬಂದು ಅಲ್ಲಿಯೇ ನಿಂತಿದ್ದರು. ಏನ್ರೀ ಇದು ಅಂದರು. ನನ್ನ ಬಾಯಿಂದ ತಟ್ಟನೆ ಬಂದದ್ದು — "ಡ್ರಾಯಿಂಗ್ ತಪ್ಪಿದೆ ಸಾರ್." ಅವರೆದುರಿಗೇ ಸುನಂದಾಳಿಗೆ ಫೋನ್ ಹಚ್ಚಿ ರೇಗಿದೆ. ನಾಳೆಯೇ ಬರುತ್ತೇನೆ ಅಂದಳು. ರಾವ್ ಗಾರು ಹೊರಟ ಮೇಲೆ ಮಷಿನ್ ಹತ್ತಿರ ಹೋದೆ, ಡೈ ನೋಡಿದೆ — ಆ ಕ್ಷಣವೇ ಗೊತ್ತಾಯಿತು. ಆಗಲಾದರೂ ಒಂದು ಫೋನ್... ಮಾಡಲಿಲ್ಲ. ಮಾಡಿದ್ದೇನು ಗೊತ್ತೇ? ಅವಳು ಬರುವ ಮುಂಚೆ ಸತ್ಯಂ ಕೈಲಿ ಹಳೆಯ ಡೈ ಹತ್ತಿಸಿ ಇಟ್ಟೆ. ಅವನಿಗೆ ಬಾಯಿ ಮುಚ್ಚು ಅಂದೆ.

ಮರುದಿನ ಬಂದಳು. ರಾವ್ ಗಾರು ಕೂಡ ಇದ್ದರು. ಯಾರ ಜೊತೆಯೂ ಮಾತಾಡದೆ ಒಂದು ಕದವನ್ನು ಎತ್ತಿ ಬೆಳಕಿಗೆ ಹಿಡಿದಳು. ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿದಳು. "ಮಡಿಕಿ ಸ್ವಲ್ಪ ದುಂಡಗ ಅನಸ್ತದಲ್ರಿ" ಅಂದಳು.

ಅಷ್ಟು ಸಣ್ಣ ವ್ಯತ್ಯಾಸ! ನಿತ್ಯ ತಗಡು ಮುಟ್ಟುವವರಿಗೂ ಕೈಗೆ ಹತ್ತುವುದಿಲ್ಲ.

"ಈ ಲಾಟಿನ ತಗಡ ಹಂಗ ಐತಿ ತಂಗಿ" ಅಂದೆ.

"ಒಂದ ಪಟ್ಟಿ ಮಡಚಿ ನೋಡೋಣ್ರಿ?"

"ಮಷಿನ್‌ಗೆ ಆಯಿಲ್ ಲೀಕ್ ಐತಿ. ಇವತ್ತ ನಡಿಯೂದಿಲ್ಲ."

ನನ್ನ ಮುಖವನ್ನೇ ನೋಡಿದಳು. "ಅಣ್ಣಾರ, ಡೈ ಅದ ಐತಲ್ರಿ? ಬದಲ್ ಮಾಡಿಲ್ಲಲ್ರಿ?"

"ಅದ ಐತಿ."

ಎರಡೇ ಪದ. ತನ್ನ ಬೆರಳು ಹೇಳಿದ್ದನ್ನು ಬಿಟ್ಟು ಅವಳು ನನ್ನ ಮಾತು ನಂಬಿದಳು. ಅಣ್ಣಾರ ಎಂದು ಕರೆದವನು ಸುಳ್ಳು ಹೇಳುತ್ತಾನೆಯೇ ಎಂದು — ಇರಬೇಕು. ರಾವ್ ಗಾರು ಅವರ ಕಡೆ ತಿರುಗಿ, "ತಪ್ಪು ನಾದೇನಂಡಿ" ಅಂದಳು. ತಪ್ಪು ನನ್ನದೇ ರೀ. ನಾನು ತಲೆದೂಗಿದೆ. ಹೌದು, ತಲೆಯನ್ನೂ ದೂಗಿದೆ.

ಅದಕ್ಕೇ ನಿಲ್ಲಿಸಿದೆನೇ? ಆ ವರ್ಷದ ರಾಜ್ಯೋತ್ಸವದಲ್ಲಿ ಹುಡುಗರಿಗೆ ಬುದ್ಧಿ ಹೇಳಲು ನನ್ನನ್ನು ವೇದಿಕೆಗೆ ಕರೆದಿರಿ. "ಕಂಪ್ಯೂಟರಿನಲ್ಲಿ ಮುಚ್ಚಿದ ಕದ ಶೆಡ್ಡಿನಲ್ಲಿ ಮುಚ್ಚಲ್ಲ ಕಣ್ರಪ್ಪಾ" ಎಂದು ಶುರು ಮಾಡಿ ಇಡೀ ಕಥೆಯನ್ನು ಒಗ್ಗರಣೆ ಹಾಕಿ ಹೇಳಿದೆ. ಹೆಸರು ಹೇಳಲಿಲ್ಲ. ಹೇಳಬೇಕಿರಲಿಲ್ಲ, ಡ್ರಾಯಿಂಗ್ ಮಾಡುವ ನಮ್ಮವರು ಅಲ್ಲಿ ಇನ್ಯಾರಿದ್ದರು? ಅವಳು ಸಭೆಯಲ್ಲೇ ಇದ್ದಳು. ತಲೆ ಬಗ್ಗಿಸಿ ಮಗಳ ಜಡೆಯ ರಿಬ್ಬನ್ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

ಅದಾದ ಮೇಲೂ ಕೆಲವು ಕೆಲಸ ಮಾಡಿಕೊಟ್ಟಳು. ಆದರೆ ಆ ಕೈ ಹೋಗಿತ್ತು. ಒಂದೇ ತಗಡಿನಲ್ಲಿ ಆಗುವುದನ್ನು ನಾಲ್ಕು ತುಂಡು ಮಾಡಿ ವೆಲ್ಡ್ ಮಾಡ್ರಿ ಅನ್ನುತ್ತಿದ್ದಳು. ಕದದ ಸುತ್ತ ಬೆರಳು ತೂರುವಷ್ಟು ಸಂದು ಬಿಡುತ್ತಿದ್ದಳು. ಎಲ್ಲರ ಡ್ರಾಯಿಂಗ್‌ನಂತೆ ಅವಳದೂ ಆಯಿತು. ನಾನು ಕಂಡೂ ಸುಮ್ಮನಿದ್ದೆ — ಪೆಟ್ಟಿಗೆ ಹೇಗಾದರೂ ಮಾರಾಟವಾಗುತ್ತಿತ್ತಲ್ಲ. ಆಮೇಲೆ ಅದನ್ನೂ ಬಿಟ್ಟು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಲು ಸೇರಿದಳು.

ಕಳೆದ ರಾಜ್ಯೋತ್ಸವದ ದಿನ, ಊಟದ ಹೊತ್ತಿಗೆ, ಡಿಪ್ಲೊಮಾ ಓದುವ ಒಬ್ಬ ಹುಡುಗಿ ಅವಳ ಬಳಿ ಬಂದು, "ಆಂಟಿ, ನೀವು ಶೀಟ್ ಮೆಟಲ್ ಡಿಸೈನ್ ಮಾಡ್ತಿದ್ರಂತೆ, ನಂಗೂ ಹೇಳಿಕೊಡ್ತೀರಾ?" ಅಂದಳು. ನಾನು ಪಕ್ಕದ ಸಾಲಿನಲ್ಲಿದ್ದೆ.

"ನನಗ ಅದು ಒಗ್ಗಲಿಲ್ಲವ್ವ. ನನ್ನ ಲೆಕ್ಕ ತಪ್ಪತಾವ" ಅಂದಳು ಸುನಂದಾ. ನಗುತ್ತಲೇ ಅಂದಳು.

ಇಷ್ಟು ವರ್ಷ ಅದನ್ನು ಅವಳು ಮರೆತಿರಬಹುದು ಅಂದುಕೊಂಡಿದ್ದೆ. ಮರೆತಿರಲಿಲ್ಲ — ನಂಬಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಳುತ್ತಾಳೆ, ಬಯ್ಯುತ್ತಾಳೆ ಎಂದು ತಯಾರಾಗಿ ಹೋಗಿದ್ದೆ. ಅವಳು ಕೇಳಿದ್ದು ಒಂದೇ: "ಯಾವ ಡೈ ಹಾಕಿದ್ರಿ?" ಹೇಳಿದೆ. ಲ್ಯಾಪ್‌ಟಾಪ್ ತೆರೆದು ಆ ಹಳೆಯ ಕದವನ್ನು ಹುಡುಕಿ ತೆಗೆದಳು, ಅಳಿಸಿರಲಿಲ್ಲ. ಮಡಿಕೆಯ ಅಂಕಿಯನ್ನು ಬದಲಿಸಿದಳು. ಪರದೆಯ ಮೇಲೆ ಕದದ ಅಗಲ ಬದಲಾಯಿತು. ಅದೇ ಕೂದಲೆಳೆ.

ಗಂಡ ಒಳಗಿಂದ ಬಂದು, "ಚಾ ಇಡ್ಲೇನು?" ಅಂದರು.

"ಬ್ಯಾಡ. ಅವರು ಹೊಂಟಾರ."

ಎದ್ದೆ. ಬಾಗಿಲ ತನಕ ಬಂದಳು. "ನನಗೊಬ್ಬಾಕಿಗೆ ಹೇಳಿದ್ರ ಏನಾತ್ರಿ? ಅವತ್ತ ಅಲ್ಲಿದ್ದವರಿಗೆ ಹೇಳ್ರಿ. ಸಭಾದಾಗ ನಕ್ಕವರಿಗೆ ಹೇಳ್ರಿ." ಅಣ್ಣಾರ ಎನ್ನಲಿಲ್ಲ.

ಕೊಂಡಪಲ್ಲಿಗೆ ಹೋದೆ. ರಾವ್ ಗಾರು ಪೂರ್ತಿ ಕೇಳಿಸಿಕೊಂಡು, ಇನ್ನು ನಿಮ್ಮ ಜೊತೆ ಕೆಲಸ ಬೇಡ ಅಂದರು. ಆ ಹೆಣ್ಣುಮಗಳ ನಂಬರ್ ಕೊಡಿ ಅಂದರು. ಅವಳ ನಂಬರನ್ನು ನಾನು ಯಾವ ಗಿರಾಕಿಗೂ ಕೊಟ್ಟವನಲ್ಲ, ಎಲ್ಲಿ ಕೈತಪ್ಪಿ ಹೋಗುತ್ತಾಳೋ ಎಂದು. ಕೊಟ್ಟೆ. ಜೀವಮಾನದಲ್ಲಿ ಮೊದಲ ಸಲ ಚೌಕಾಸಿ ಮಾಡಲಿಲ್ಲ. ಅವರು ಫೋನ್ ಮಾಡಿದರೋ, ಅವಳು ಒಪ್ಪಿದಳೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕೂ ನನಗಿಲ್ಲ.

ಕಿವಿಮಾತು ಅಂದಿದ್ದೆನಲ್ಲ, ನನ್ನಂತೆ ಸಣ್ಣ ಶೆಡ್ ಇಟ್ಟುಕೊಂಡವರಿಗೆ ಒಂದೇ ಒಂದು: ಬೇರೆಯವರ ಡ್ರಾಯಿಂಗ್ ತಪ್ಪಿದೆ ಎನ್ನುವ ಮುಂಚೆ ಮಷಿನ್ ಹತ್ತಿರ ಹೋಗಿ ಬನ್ನಿ. ಹೋಗಿ ನೋಡಿದ ಮೇಲೂ ನಾನು ಸುಮ್ಮನಿದ್ದೆ. ಅದಕ್ಕೆ ನನ್ನಲ್ಲಿ ಯಾವ ಕಿವಿಮಾತೂ ಇಲ್ಲ.

ಈಗ ಆ ಕಥೆಯನ್ನು ಎಲ್ಲೆಲ್ಲಿ ಹೇಳಿದ್ದೆ ಎಂದು ನೆನಪು ಮಾಡಿಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ. ಬಹಳ ಮಂದಿ, "ಯಾವ ಕಥೆ ರೀ? ನೆನಪೇ ಇಲ್ಲ ಬಿಡಿ" ಅನ್ನುತ್ತಾರೆ.

ಅವಳಿಗೆ ನೆನಪಿದೆ. ಅದಕ್ಕೇ ನಿಮಗೂ ಪೂರ್ತಿ ಹೇಳುತ್ತಿದ್ದೇನೆ.