ಹುಣಸೆಹಣ್ಣು ಹಚ್ಚಿ ತಿಕ್ಕಿದ ದೀಪ

ಇದನ್ನು ಬರೆಯಲು ಎಷ್ಟೋ ಸಲ ಕೂತು, ಬರೆಯದೆ ಎದ್ದಿದ್ದೇನೆ. ಇನ್ನು ಮುಂದೂಡುವ ವಯಸ್ಸು ನನ್ನದಲ್ಲ.

ನಿಜಾಮರ ಆಳ್ವಿಕೆ ಮುಗಿಯಲು ಎರಡು-ಮೂರು ವರ್ಷವಿತ್ತು. ನಾನು ತಾಂಡೂರಿನ ಕಲ್ಲುಗಣಿಯೊಂದರಲ್ಲಿ ಗುಮಾಸ್ತ. ಕಲ್ಲಿದ್ದಲು ಗಣಿಯ ಹಳೆಯ ಹಿತ್ತಾಳೆ ದೀಪಗಳನ್ನು ಕೂಡಿಡುವ ಹುಚ್ಚು ನನಗೆ. ಸಾಹೇಬರ ದಿವಾನಖಾನೆಗಳಿಗೆಂದು ಜಹೀರಾಬಾದ್ ಸಂತೆಗೆ ಅವುಗಳ ನಕಲಿಯೂ ಬರುತ್ತಿತ್ತು. ಹೊಳೆಯುವ ಹಿತ್ತಾಳೆ ಕಂಡರೆ ದೂರದಿಂದಲೇ ನಕಲಿ ಎನ್ನುತ್ತಿದ್ದೆ. ಒಮ್ಮೆಯೂ ಮೋಸಹೋಗಿಲ್ಲ ಎಂಬ ಜಂಬ ಬೇರೆ.

ಒಂದು ದಿನ ನಾರಾಯಣಖೇಡದ ಹೆಣ್ಣುಮಗಳೊಬ್ಬಳು, ನಾನು ದೀಪ ಗುರುತಿಸುವವನೆಂದು ಕೇಳಿ, ತಮ್ಮನೊಂದಿಗೆ ನನ್ನ ಕಚೇರಿಗೆ ಬಂದಳು. ಹಣೆ ಬರಿದಾಗಿತ್ತು. ಅವಳ ಗಂಡ ಕಲ್ಲಿದ್ದಲು ಗಣಿಗೆ ದುಡಿಯಲು ಹೋಗಿದ್ದ. ಎರಡು ವರ್ಷದ ಹಿಂದೆ ಯಾರೋ ಬಂದು, ಗಣಿ ಕುಸಿದು ಅವನು ಸತ್ತ, ಹೆಣ ಸಿಗಲಿಲ್ಲ, ಅವನ ದೀಪವಷ್ಟೇ ಸಿಕ್ಕಿತು ಎಂದು ಹೇಳಿ ಅದನ್ನು ಕೊಟ್ಟು ಹೋಗಿದ್ದನಂತೆ.

“ಅಣ್ಣಾರ, ಇದು ಖರೇನ ಗಣಿ ದೀಪ ಏನು, ನೋಡಿ ಹೇಳ್ರಿ.”

ದೀಪ ಥಳಥಳಿಸುತ್ತಿತ್ತು. ಮುಚ್ಚಳ ಕೂಡ ತೆರೆಯಲಿಲ್ಲ ನಾನು. “ಏನವ್ವ, ನಿನ್ನೆ ಸಂತ್ಯಾಗ ತಂದಿಯೇನು? ಪೂರಾ ನಕಲಿ ಮಾಲು!” ಎಂದೆ. ಕಚೇರಿಯಲ್ಲಿದ್ದವರು ನಕ್ಕರು. ಅವಳು ನೊಂದುಕೊಳ್ಳಲಿಲ್ಲ.

“ಹಂಗಾರ ಆ ಮನಷ್ಯಾ ಸುಳ್ಳ ಹೇಳ್ಯಾನ? ನಮ್ಮವರು ಎಲ್ಲೋ ಅದಾರ?”

“ಇದ್ರೂ ಇರಬೌದು” ಎಂದುಬಿಟ್ಟೆ.

ಅವಳು ಮತ್ತೆ ಕುಂಕುಮ ಇಟ್ಟಳು, ಬಳೆ ತೊಟ್ಟಳು. “ಸತ್ತ ಗಂಡ ಸಂತ್ಯಾಗ ಸಿಕ್ಕನೇನ?” ಎಂದು ಓಣಿಯವರು ಆಡಿಕೊಂಡ ಸುದ್ದಿ ನನಗೂ ಮುಟ್ಟಿತು.

ಮುಂದಿನ ಹಬ್ಬಕ್ಕೆ ನನ್ನ ಅವ್ವ ದೇವರ ಪಾತ್ರೆಗಳ ಜೊತೆ ನನ್ನದೊಂದು ದೀಪವನ್ನೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿಟ್ಟಿದ್ದಳು. ಮೂವತ್ತು ವರ್ಷದ ಅಸಲಿ ದೀಪ, ಆ ಹೆಣ್ಣುಮಗಳ ದೀಪದಂತೆಯೇ ಹೊಳೆಯುತ್ತಿತ್ತು.

ಮರುದಿನವೇ ನಾರಾಯಣಖೇಡಕ್ಕೆ ಹೋದೆ. ದೀಪ ಅವಳ ಮನೆಯ ಹಿತ್ತಲಿನ ಕಟ್ಟಿಗೆ ರಾಶಿಯ ಮೇಲೆ ಬಿದ್ದಿತ್ತು.

“ಸುಳ್ಳ ದೀಪ ಮತ್ಯಾಕ ನೋಡ್ತೀರಿ? ಸೋಮವಾರಕ್ಕೊಮ್ಮಿ ತಿಕ್ಕಿ ತಿಕ್ಕಿ ನನ್ನ ಕೈ ಸವದಾವ” ಎಂದು ನಕ್ಕಳು.

ಮುಚ್ಚಳ ತೆರೆದು ಒಳಗಿನ ತಂತಿಬಲೆಯಲ್ಲಿ ಬೆರಳಾಡಿಸಿದೆ. ಹುಣಸೆಹಣ್ಣು ಮುಟ್ಟದ ಜಾಗ ಅದು. ವರ್ಷಗಟ್ಟಲೆ ಕೂತ ಕಲ್ಲಿದ್ದಲ ಧೂಳು ಬೆರಳಿಗೆ ಮೆತ್ತಿಕೊಂಡಿತು.

“ಅಯ್ಯ, ಕೈ ಹೊಲಸಾತಲ್ರಿ ಅಣ್ಣಾರ” ಎಂದು ತಂಬಿಗೆ ತಂದು ತಾನೇ ನೀರು ಹಾಕಿದಳು. ಹಸಿರು ಬಳೆಗಳು ಸದ್ದು ಮಾಡುತ್ತಿದ್ದವು. “ಅವರದೇನರ ಸುದ್ದಿ ತಂದೀರೇನು?”

“ಇಲ್ಲ ತಂಗಿ” ಎಂದೆ. ಕೈ ತೊಳೆದುಕೊಂಡು ಬಂದುಬಿಟ್ಟೆ.

ಕೊನೆಯವರೆಗೂ ಅವಳು ಬಾಗಿಲಿಗೆ ಅಗಳಿ ಹಾಕದೆ ಮಲಗುತ್ತಿದ್ದಳಂತೆ. ಅವಳು ಸತ್ತ ಸುದ್ದಿ ಬಂದ ದಿನ ನನ್ನ ದೀಪಗಳನ್ನೆಲ್ಲ ಯಾರ್ಯಾರಿಗೋ ಕೊಟ್ಟುಬಿಟ್ಟೆ. ಕ್ಷಮೆ ಕೇಳಬೇಕಾದವಳು ಮಾತ್ರ ಇರಲಿಲ್ಲ.

ಅವಳ ಹೆಸರು ನೀಲಮ್ಮ.