ಕೇಳುತ್ತೇನೆ, ಕೇಳುವುದಿಲ್ಲ

ನನ್ನ ಜೊತೆಯವರೆಲ್ಲ ಗಚ್ಚಿಬೌಲಿಯ ಐಟಿ ಕಂಪನಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಕಾಲದಲ್ಲಿ ನಾನು ಆಪ್ತಸಲಹೆಯ ಡಿಗ್ರಿಗೆ ಸೇರಿ, ಕೋಠಿಯ ಹತ್ತಿರ ಕುಡಿತ ಬಿಡಿಸುವ ಕೇಂದ್ರವೊಂದರಲ್ಲಿ ತರಬೇತಿಗೆ ಹೋಗುತ್ತಿದ್ದೆ. ನಮ್ಮ ಮೇಡಂ ಹಾಕಿದ್ದ ನಿಯಮ ಒಂದೇ: ವಿದ್ಯಾರ್ಥಿಗಳು ಸುಮ್ಮನೆ ಕೇಳಿಸಿಕೊಳ್ಳಬೇಕು, ಪ್ರಶ್ನೆ ಹಾಕಬಾರದು. ಅಲ್ಲಿಗೆ ಬರುವ ಕನ್ನಡದವರಿಗಾಗಿ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ಇಳಿಸುವ ಕೆಲಸ ನನ್ನ ತಲೆಗೆ ಬಿತ್ತು. ಅವಸರದಲ್ಲಿ, ‘ವಿದ್ಯಾರ್ಥಿನಿ ಎಲ್ಲವನ್ನೂ ಕೇಳುತ್ತಾಳೆ, ಏನನ್ನೂ ಕೇಳುವುದಿಲ್ಲ’ ಎಂದು ಬರೆದುಬಿಟ್ಟೆ.

ಮೊದಲು ಬಂದವರು ಗುಲ್ಬರ್ಗಾ ಕಡೆಯ ಪಾಟೀಲರು. ಸರ್ಕಾರಿ ಕಚೇರಿಯಲ್ಲಿ ಜೀವಮಾನವಿಡೀ ಕಾಗದ ತಿದ್ದಿ ನಿವೃತ್ತರಾದವರು. ಬಲವಂತದಿಂದ ಕರೆತಂದಿದ್ದ ಹೆಂಡತಿ ಬಾಗಿಲಾಚೆ ಕೂತಿದ್ದರು. ಸಹಿ ಬೀಳದೆ ಚಿಕಿತ್ಸೆ ಶುರುವಾಗುವಂತಿರಲಿಲ್ಲ.

“ಕೇಳ್ತೀರೋ, ಕೇಳಂಗಿಲ್ಲೋ? ಎರಡರಾಗ ಒಂದು ಬರೀರಿ,” ಎಂದರು ಪತ್ರ ಓದಿ.

“ನಿಮ್ಮ ಮಾತು ಕೇಳ್ತೀನಿ ಸರ್. ಪ್ರಶ್ನೆ ಕೇಳಲ್ಲ.”

“ಹಂಗಂತ ಇದರಾಗ ಎಲ್ಲೈತಿ?” ಎಂದು ಜೇಬಿನಿಂದ ಕೆಂಪು ಪೆನ್ನು ತೆಗೆದರು.

ಅರ್ಧ ಗಂಟೆ ಆ ಒಂದು ಸಾಲಿಗೇ ಹೋಯಿತು. ತಿದ್ದಿದ್ದನ್ನೇ ಮತ್ತೆ ತಿದ್ದಿದರು. ಕುಡಿತದ ಸುದ್ದಿಯೇ ಇಲ್ಲ. ನನಗೆ ರೇಗಿಹೋಯಿತು.

“ಒಂದು ಪದಕ್ಕೆ ಯಾಕೆ ಸರ್ ಇಷ್ಟು ಜಗಳ?” ಎಂದು ಕೇಳಿಯೇಬಿಟ್ಟೆ. ನಿಯಮ ಅಲ್ಲಿಗೆ ಮುರಿಯಿತು.

ಪಾಟೀಲರು ಪೆನ್ನು ಕೆಳಗಿಟ್ಟು ಬಾಗಿಲ ಕಡೆ ನೋಡಿದರು.

“ನಮ್ಮ ಮನ್ಯಾಗೂ ಇದ ಆಗೈತ್ರಿ. ಯಾಕ ಕುಡದ್ರಿ ಅಂತ ದಿನಾ ಕೇಳ್ತಾಳ. ಹೇಳಾಕ ಹೋದ್ರ ಕೇಳಂಗಿಲ್ಲ.”

ಆಮೇಲೆ ಸಹಿ ಹಾಕಿದರು, ಒಂದು ಗಂಟೆ ಮಾತಾಡಿದರು.

ವರದಿಯಲ್ಲಿ ಅಷ್ಟನ್ನೂ ಬರೆದೆ. ಪ್ರಶ್ನೆ ಹಾಕಿದ್ದಕ್ಕೆ ಮೇಡಂ ಅಂಕ ಕಳೆದು, ಯಾಕೆ ಹಾಕಿದೆ ಎಂದು ಕೇಳಿದರು. ಹೇಳಲು ಹೋದರೆ, ಕೇಳಲಿಲ್ಲ.