ಆಕಾಶದ ಜೊತೆ ತಿರುಗುವ ಸ್ಟ್ಯಾಂಡು

ಕೆ.ಆರ್.ಎಸ್.ನ ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿದ್ದಾಗ ಊಟವಾದ ಮೇಲೆ ಮೆಟ್ಟಿಲ ಮೇಲೆ ಕೂರುವುದು ನಮ್ಮಿಬ್ಬರ ರೂಢಿ. ನನ್ನ ಗಂಡ ನಕ್ಷತ್ರಗಳನ್ನು ತೋರಿಸುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಅರ್ಧಕ್ಕರ್ಧ ನನಗೆ ಕಾಣುತ್ತಲೇ ಇರಲಿಲ್ಲ. ಅವರು ಜ್ವರ ಬಂದು ಒಂದೇ ವಾರದಲ್ಲಿ ಹೋಗಿಬಿಟ್ಟರು. ಕ್ವಾರ್ಟರ್ಸ್ ಬಿಟ್ಟು ನಾಗಮಂಗಲಕ್ಕೆ ಬಂದೆ. ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು. ಮಕ್ಕಳಿರಲಿಲ್ಲ. ಊರ ಅಂಚಿನಲ್ಲಿ ಮಹಡಿ ಮೇಲೊಂದು ಬಾಡಿಗೆ ಕೋಣೆ, ಅದರ ಮುಂದೆ ತಾರಸಿ.

ಸಂಜೆ ಕರೆಂಟು ಹೋದರೆ ತಾರಸಿಯ ಮೇಲೆ ಆಕಾಶ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಏನಾದರೂ ಕಂಡ ಕೂಡಲೇ "ನೋಡಿದ್ರಾ?" ಎಂಬ ಮಾತು ಬಾಯಿಗೆ ಬರುತ್ತಿತ್ತು. ಯಾರನ್ನು ಕೇಳುವುದು? ಕಂಡದ್ದನ್ನು ಫೋಟೊದಲ್ಲಾದರೂ ಹಿಡಿದಿಡಬೇಕು ಎಂಬ ಆಸೆ ಹುಟ್ಟಿದ್ದು ಹಾಗೆ. ಅವರ ಕ್ಯಾಮೆರಾ ನನ್ನ ಬಳಿ ಇತ್ತು. ಟೆಲಿಸ್ಕೋಪು ಇರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಗಾಜು ಉಜ್ಜಿ ತಾವೇ ಟೆಲಿಸ್ಕೋಪು ಮಾಡುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಜನವರಿಯ ಒಂದು ಶನಿವಾರ ಪಾಂಡವಪುರದ ಮೇಲೆ ಹೋಗುವ ಬಸ್ಸು ಹಿಡಿದು ಅವರ ಮನೆ ಹುಡುಕಿಕೊಂಡು ಹೋದೆ. ಹಿತ್ತಿಲಲ್ಲಿ ಎರಡು ಟೆಲಿಸ್ಕೋಪುಗಳಿದ್ದವು. ಒಂದು ಅವರೇ ಮಾಡಿದ್ದು, ನೀರಿನ ಡ್ರಮ್ಮಿನಷ್ಟು ದಪ್ಪ, ಮರದ ಪೆಟ್ಟಿಗೆಯ ಮೇಲೆ ಕೂತಿತ್ತು. ಇನ್ನೊಂದು ಪರದೇಶದಿಂದ ನೆಂಟರು ತಂದುಕೊಟ್ಟದ್ದು, ಮೊಳದುದ್ದದ ಸಣ್ಣ ಕೊಳವೆ. ಅದರ ಕಬ್ಬಿಣದ ಸ್ಟ್ಯಾಂಡು ಮಾತ್ರ ಕೊಳವೆಗಿಂತ ನಾಲ್ಕು ಪಾಲು ಭಾರ.

ಕತ್ತಲಾದ ಮೇಲೆ ದೊಡ್ಡದನ್ನು ಮಹಾವ್ಯಾಧ ನಕ್ಷತ್ರಪುಂಜದ ಕಡೆ ತಿರುಗಿಸಿ ನನ್ನನ್ನು ಕರೆದರು. ಬೂದಿ ಬಣ್ಣದ ಒಂದು ಮೋಡ, ರೆಕ್ಕೆ ಬಿಚ್ಚಿದ ಹಾಗೆ, ನಡುವೆ ನಾಲ್ಕು ಪುಟ್ಟ ನಕ್ಷತ್ರಗಳು. ಮೇಷ್ಟ್ರು ಕರೆಯುವವರೆಗೂ ಕಣ್ಣು ತೆಗೆಯಲಿಲ್ಲ. ಸಣ್ಣದರಲ್ಲಿ ಅದೇ ಮೋಡ ಗಾಜಿನ ಮೇಲೆ ಬಿದ್ದ ಬೆರಳ ಗುರುತಿನಷ್ಟು.

"ನನಗೆ ದೊಡ್ಡದೇ ಇರಲಿ ಸಾರ್," ಎಂದೆ.

"ನಿಮಗೆ ಬೇಕಾಗಿರೋದು ನೋಡೋಕಾ, ಫೋಟೊ ತೆಗ್ಯೋಕಾ?"

"ಫೋಟೊಗೆ."

ಮೇಷ್ಟ್ರು ದೊಡ್ಡದರ ಮೇಲೆ ಕೈಯಿಟ್ಟರು. "ಇದನ್ನ ನಾನೇ ಕೈಯಾರೆ ಮಾಡಿದ್ದು. ಮಾರೋಕೆ ನನಗೇನೂ ಬೇಜಾರಿಲ್ಲ. ಆದ್ರೆ ನಿಮಗಿದು ಬೇಡಮ್ಮ. ಆಕಾಶ ತಿರುಗ್ತಾನೇ ಇರತ್ತೆ. ಅದರ ಜೊತೇಲಿ ತಿರುಗೋ ಸ್ಟ್ಯಾಂಡು ಇಲ್ದೆ ಹೋದ್ರೆ ನಕ್ಷತ್ರ ಎಲ್ಲಾ ಗೀಟು ಗೀಟಾಗಿ ಬರತ್ತೆ. ಆ ಸಣ್ಣದಕ್ಕೆ ಅದಿದೆ. ಮೊದಲು ಸ್ಟ್ಯಾಂಡು ನೋಡಿ, ಆಮೇಲೆ ಕೊಳವೆ."

"ಅದರಲ್ಲಿ ಏನೂ ಕಾಣಲ್ವಲ್ಲ ಸಾರ್."

"ನಿಮ್ಮ ಕಣ್ಣಿಗೆ ಕಾಣಲ್ಲ. ಫಿಲಂಗೆ ಕಾಣತ್ತೆ. ಅದು ಬೆಳಕು ಕೂಡಿಸ್ಕೊಂಡು ಕಾಯತ್ತೆ."

ಆ ರಾತ್ರಿ ಅವರ ಮನೆಯಲ್ಲೇ ಉಳಿದೆ. ಕಣ್ಣು ಮುಚ್ಚಿದರೆ ಆ ಬೂದಿ ಮೋಡ. ಬೆಳಿಗ್ಗೆ ದೊಡ್ಡದನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಸಣ್ಣದನ್ನೇ ಕೊಡಿ ಎಂದೆ.

ನಾಗಮಂಗಲಕ್ಕೆ ತಂದ ಮೇಲೆ ಹೊಸ ತೊಡಕು. ಸ್ಟ್ಯಾಂಡು ತಿರುಗುವ ಅಚ್ಚು ಧ್ರುವ ನಕ್ಷತ್ರದ ಕಡೆ ಮುಖ ಮಾಡಿರಬೇಕು. ನಮ್ಮ ಕಡೆ ಧ್ರುವ ನೆಲದಿಂದ ಹೆಚ್ಚು ಮೇಲಿರುವುದಿಲ್ಲ. ನನ್ನ ತಾರಸಿಯ ಬಡಗಣಕ್ಕೆ ಯಾರದೋ ನೀರಿನ ಟ್ಯಾಂಕು ಅಡ್ಡ. ಕೆಳಗಿನ ಮನೆಯಲ್ಲಿ ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಹೆಂಗಸೊಬ್ಬರಿದ್ದರು. ಅವರ ಮನೆ ಹಿಂದಿನ ಕಣ ಬಡಗಣಕ್ಕೆ ಬಯಲು. ಕೇಳಿದೆ. "ಅದುಕ್ಕೇನು, ಬನ್ನಿ ಮೇಡಮ್ಮೋರೆ," ಎಂದರು.

ಕ್ಯಾಮೆರಾವನ್ನು ಕೊಳವೆಯ ಬೆನ್ನಿಗೆ ಬಿಗಿದು, ಷಟರ್ ತೆರೆದಿಟ್ಟು, ಕಣ್ಣಿಗಿಡುವ ಗಾಜಿನೊಳಗಿನ ಎರಡು ಗೆರೆ ಕೂಡುವ ಕಡೆ ಒಂದು ನಕ್ಷತ್ರವನ್ನು ನಿಲ್ಲಿಸಬೇಕು. ಅದು ಜಾರುತ್ತಲೇ ಇರುತ್ತದೆ. ಕೈಯಲ್ಲಿ ತಿರುಪು ಹಿಡಿದು, ಎವೆಯಿಕ್ಕದೆ, ಕೂದಲೆಳೆಯಷ್ಟು ತಿರುಗಿಸುತ್ತ ಅದನ್ನು ಮತ್ತೆ ಮತ್ತೆ ಅಲ್ಲಿಗೇ ತರಬೇಕು. ಆಗ ಮಾತಾಡುವಂತಿಲ್ಲ, ಅತ್ತಿತ್ತ ನೋಡುವಂತಿಲ್ಲ. ಪಕ್ಕದಲ್ಲಿ ನನ್ನ ಗಂಡ ಇದ್ದಿದ್ದರೂ ಸುಮ್ಮನೇ ಇರಬೇಕಿತ್ತು. ನಾಗಮಂಗಲಕ್ಕೆ ಬಂದ ಮೇಲೆ ಒಬ್ಬಳೇ ಇದ್ದೇ ಮಾಡಬೇಕಾದ ಕೆಲಸವೊಂದು ನನಗೆ ಸಿಕ್ಕಿದ್ದು ಅದೇ ಮೊದಲು.

ಹಸುವಿಗೆ ಹುಲ್ಲು ಹಾಕಲು ಬಂದ ಆಕೆ ಒಂದು ಸಂಜೆ ನಿಂತು ನೋಡಿದರು. "ಅದೇನ್ ಮೇಡಮ್ಮೋರೆ, ಒಬ್ರೇ ಇಂಗೆ ಕತ್ಲಲ್ಲಿ ಕುಂತ್ಬುಟ್ಟಿದೀರಿ? ಭಯ ಆಗಾಕಿಲ್ವಾ?"

ಕಣ್ಣು ತೆಗೆಯದೆಯೇ "ಇಲ್ಲ" ಎಂದೆ. ಆಕೆ ಹುಲ್ಲು ಹಾಕಿ ಹೋದರು.

ಮೈಸೂರಿನ ಸ್ಟುಡಿಯೋದಿಂದ ಮೊದಲ ರೋಲು ಪ್ರಿಂಟ್ ಆಗದೆ ವಾಪಸ್ ಬಂತು. "ಏನೂ ಬಿದ್ದಿಲ್ಲ ಮೇಡಂ, ಪೂರ್ತಿ ಖಾಲಿ," ಎಂದರು ಸ್ಟುಡಿಯೋದವರು. ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಖಾಲಿಯಲ್ಲ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು. ಹಲವು ಗೀಟಾಗಿದ್ದವು, ಕೈ ತಪ್ಪಿದ ಕಡೆಯೆಲ್ಲ. ಒಂದರಲ್ಲಿ ಮಾತ್ರ ಕೃತ್ತಿಕೆಯ ಗೊಂಚಲು ಗುಂಡಗೆ, ಬಿಡಿಬಿಡಿಯಾಗಿ ಕೂತಿತ್ತು. ಅದನ್ನೇ ಪ್ರಿಂಟ್ ಮಾಡಿಕೊಡಿ ಎಂದು ಹಟ ಹಿಡಿದೆ.

ಆ ಫೋಟೊವನ್ನು ಕೆಳಗಿನ ಮನೆಗೆ ಒಯ್ದು, "ನೋಡಿದ್ರಾ?" ಎಂದು ತೋರಿಸಿದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು, ಅಂಚು ಹಿಡಿದು, ಬಾಗಿಲಿಗೆ ಬಂದು ನೋಡಿದರು.

"ಇವು ನಮ್ಮ ಕಣದ ಮ್ಯಾಲಿದ್ವಾ?"

"ಹೌದು."

"ಇಷ್ಟೊಂದಾ! ನಂಗೆ ಆರೇಳೇ ಕಾಣೋದು ಕಣಮ್ಮಾ."

ಒಳಗೆ ಹಾಲು ಉಕ್ಕಿದ ವಾಸನೆ ಬಂತು. ಆಕೆ ಫೋಟೊ ನನ್ನ ಕೈಗಿತ್ತು ಓಡಿದರು. ನಾನು ಮೇಲೆ ಬಂದು ಕೋಣೆಯ ದೀಪ ಹಾಕಿದೆ.